ಚೀಲದಲ್ಲಿ ಇಂಜೆಕ್ಟರ್, ದಾರಿ ಸವಣೂರಿಗೆ

ಹಿರೇಕೆರೂರಿನಿಂದ ನಾವು ಹೊರಟ ಸುದ್ದಿಯನ್ನು ಓಣಿಗೆ ಯಾರೂ ಹೇಳಬೇಕಾಗಲಿಲ್ಲ. ದೊಡ್ಡಪ್ಪನ ಡೀಸೆಲ್ ಅಂಬಾಸಿಡರ್ ಮೊದಲು ಕಟಕಟ ಬಡಿದುಕೊಂಡಿತು, ಆಮೇಲೆ ಕರಿಹೊಗೆ ಬಿಟ್ಟಿತು, ಕೊನೆಗೆ ಚಲಿಸಿತು. ಎದುರುಮನೆಯ ಹೆಣ್ಣುಮಗಳು ಒಣಹಾಕಿದ್ದ ಸೀರೆಗಳನ್ನು ಸರಸರ ಎಳೆದುಕೊಳ್ಳುತ್ತ, "ಗುರುವಾರ ಪಾಸರ ಆಗ್ಲಿ, ನಾಪಾಸರ ಆಗ್ಲಿ, ಏನರ ಒಂದ್ ಆಗಿ ಹೋಗ್ಲಿಪಾ ದೇವ್ರ," ಎಂದಳು.

ಆಕೆ ಹೇಳಿದ ಗುರುವಾರಕ್ಕೆ ಎರಡು ದಿನ ಉಳಿದಿತ್ತು. ಹಾವೇರಿಯಲ್ಲಿ ಹಳೆಯ ಗಾಡಿಗಳ ತಪಾಸಣೆ. ಹೊಗೆಯ ಪರೀಕ್ಷೆಯಲ್ಲಿ ಗೆದ್ದರೆ ನೋಂದಣಿ ಐದು ವರ್ಷ ಮುಂದಕ್ಕೆ ಹೋಗುತ್ತದೆ. ಸೋತರೆ ಗುಜರಿ. ಎರಡನೆಯ ಮಾತು ಸರ್ಕಾರದ್ದಲ್ಲ, ದೊಡ್ಡಪ್ಪನ ಮಗಳು ವಿಜಯಕ್ಕನದು. ಒಮ್ಮೆ ಸೋತರೆ ಮತ್ತೆ ರಿಪೇರಿ ಇಲ್ಲ, ಬೇರೆ ಕಾರೂ ಇಲ್ಲ, ಎಪ್ಪತ್ತು ದಾಟಿದವರು ಇನ್ನು ಸ್ಟಿಯರಿಂಗ್ ಹಿಡಿಯುವುದೂ ಇಲ್ಲ ಎಂದು ಅವಳು ಪಟ್ಟು ಹಿಡಿದಿದ್ದಳು. ದೊಡ್ಡಪ್ಪ ಊಟಕ್ಕೆ ಕೂತಾಗ ಎಲ್ಲರೆದುರು ಹೂಂ ಅಂದುಬಿಟ್ಟಿದ್ದರು. ಕಾರು ಹೋಗುವುದರ ದುಃಖಕ್ಕಿಂತ, ಎಲ್ಲಿಗೆ ಹೋಗಬೇಕಾದರೂ ಮಗಳ ಬಿಡುವು ನೋಡಬೇಕಾದೀತೆಂಬ ಭಯವೇ ಅವರಿಗೆ ದೊಡ್ಡದಿತ್ತು ಎಂದು ನನ್ನ ಅಂದಾಜು.

ನನ್ನನ್ನು ಜೊತೆಗೆ ಕಳಿಸಿದವಳೂ ವಿಜಯಕ್ಕನೇ. ನಾನು ಕಾಲೇಜಿನ ದಿನಗಳಿಂದ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು, ಈಗ ಹುಬ್ಬಳ್ಳಿಯಲ್ಲಿ ಅದನ್ನೇ ಕಲಿಸುತ್ತೇನೆ. "ಮೆಕ್ಯಾನಿಕ್ ಅಂದಿದ್ದಕ್ಕೆಲ್ಲಾ ಅಪ್ಪ ಗೋಣು ಹಾಕ್ತಾನ. ಜಗಳಾ ಮಾಡಾಕ ಜೋಡೀಲೆ ಒಬ್ರು ಬೇಕು," ಎಂಬುದು ಅವಳ ವಾದ. ಅದನ್ನು ಖಂಡಿಸಲು ನನಗೆ ಕಾರಣ ಸಿಗಲಿಲ್ಲ.

ತಿಳವಳ್ಳಿ ಮಾರ್ಗವಾಗಿ ಹಾನಗಲ್ಲಿಗೆ ಬಂದೆವು. ಸುಗ್ಗಿಯ ದಿನಗಳಾದ್ದರಿಂದ ಅರ್ಧ ರಸ್ತೆಯಲ್ಲಿ ಗೋವಿನಜೋಳ ಒಣಗುತ್ತಿತ್ತು. ಉಳಿದರ್ಧದಲ್ಲಿ ಬಸ್ಸು, ಎತ್ತಿನಗಾಡಿ, ನಾವು. ಏರು ಬಂದಾಗಲೆಲ್ಲ ಎಂಜಿನ್ ಕೆಮ್ಮುತ್ತಿತ್ತು. ತಿಳವಳ್ಳಿಯಲ್ಲಿ ಮಂಡಕ್ಕಿ, ಮಿರ್ಚಿ ತಿಂದೆವು. ಮಿರ್ಚಿ ಬಿಸಿಯಾಗಿತ್ತು, ಚಹಾ ತಣ್ಣಗಿತ್ತು.

ಹಾನಗಲ್ಲಿನ ಮೆಕ್ಯಾನಿಕ್ ಚನ್ನಬಸು ಈ ಎಂಜಿನ್ ಬಲ್ಲವನೆಂದು ದೊಡ್ಡಪ್ಪನ ನಂಬಿಕೆ. ಆತ ಬಾನೆಟ್ ಎತ್ತುವ ಮೊದಲೇ ತೀರ್ಪು ಕೊಟ್ಟ.

"ಪಂಪ್ ಹೋಗೈತ್ರಿ. ಪಂಪ್ ಬದ್ಲಿ ಮಾಡ್ರಿ."

"ಹೆಂಗ ಹೇಳ್ತೀರಿ?" ಎಂದೆ.

"ಸೌಂಡ ಹೇಳ್ತೈತ್ರಿ ಅಕ್ಕಾರ."

"ಸೌಂಡ್ ಕೆಟ್ಟೈತಿ ಅಂತ ಹೇಳ್ತೈತಿ. ಪಂಪೇ ಕೆಟ್ಟೈತಿ ಅಂತ ಎಲ್ಲಿ ಹೇಳ್ತೈತಿ?"

ಚನ್ನಬಸು ದೊಡ್ಡಪ್ಪನ ಕಡೆ ತಿರುಗಿ, "ಕೋರ್ಟ್ ಕರ್ಕೊಂಡ ಬಂದೀರೇನ್ರಿ ಗೌಡ್ರ?" ಎಂದು ಕೇಳಿ ಸ್ಪ್ಯಾನರ್ ಎತ್ತಿಕೊಂಡ. ಪಂಪು ಒತ್ತಡದಲ್ಲಿ ತಳ್ಳಿದ ಡೀಸೆಲ್ಲನ್ನು ಸಿಲಿಂಡರಿನೊಳಗೆ ಮಂಜಿನಂತೆ ಸಿಂಪಡಿಸುವುದು ಇಂಜೆಕ್ಟರ್, ಗೇಣುದ್ದದ ಉಕ್ಕಿನ ಭಾಗ. ನಾಲ್ಕು ಸಿಲಿಂಡರಿಗೆ ನಾಲ್ಕು. ಎಂಜಿನ್ ಓಡುತ್ತಿದ್ದಂತೆ ಒಂದೊಂದರ ಪೈಪಿನ ನಟ್ಟನ್ನು ಸಡಿಲಿಸಿದರೆ ಆ ಸಿಲಿಂಡರಿಗೆ ಡೀಸೆಲ್ ತಪ್ಪುತ್ತದೆ. ದನಿ ಕುಸಿದರೆ ಅದು ಅಲ್ಲಿಯವರೆಗೆ ದುಡಿಯುತ್ತಿತ್ತೆಂದು ಅರ್ಥ. ಮೊದಲನೆಯದನ್ನು ಸಡಿಲಿಸಿದಾಗ ದನಿ ಕುಸಿಯಿತು, ನಾಲ್ಕನೆಯದಕ್ಕೂ ಕುಸಿಯಿತು. ನಡುವಿನ ಎರಡಕ್ಕೆ ಏನೂ ಆಗಲಿಲ್ಲ. ಪಂಪು ಆ ಎರಡು ಪೈಪಿಗೂ ಡೀಸೆಲ್ ಚೆನ್ನಾಗಿಯೇ ಚಿಮ್ಮಿಸುತ್ತಿತ್ತು.

"ಪಂಪ್ ಛಲೋ ಐತಿ," ಎಂದು ಚನ್ನಬಸು ಆ ಮಾತನ್ನು ಮೊದಲಿನಿಂದಲೂ ತಾನೇ ಹೇಳುತ್ತಿದ್ದವನಂತೆ ಹೇಳಿದ. "ಇಂಜೆಕ್ಟರ್ ಬಿಚ್ಚಿ ಕೊಡ್ತೇನಿ. ಶಿಗ್ಗಾಂವದಾಗ ಟೆಸ್ಟ್ ಮಾಡಿಸ್ಕೊಂಡ ಬರ್ರಿ."

ಹೀಗಾಗಿ ಕಾರು ಹಾನಗಲ್ಲಿನಲ್ಲಿ ಉಳಿಯಿತು, ಅದರ ಇಂಜೆಕ್ಟರುಗಳು ಬಟ್ಟೆಯ ಚೀಲದಲ್ಲಿ ನಮ್ಮೊಂದಿಗೆ ಬಸ್ಸು ಹತ್ತಿದವು. ಕಂಡಕ್ಟರ್ ನನಗೆ ಹೆಂಗಸರ ಸೊನ್ನೆ ರೂಪಾಯಿಯ ಟಿಕೆಟ್ ಹರಿದುಕೊಟ್ಟು ದೊಡ್ಡಪ್ಪನ ಮುಂದೆ ಕೈ ಚಾಚಿದ.

"ಗಾಡಿ ಹೋತಂದ್ರ ಮನ್ಯಾಗ ರೊಕ್ಕಾ ಕೊಟ್ಟು ಅಡ್ಡ್ಯಾಡಂವ ನಾ ಒಬ್ಬನ ನೋಡು," ಎಂದು ದೊಡ್ಡಪ್ಪ ನಕ್ಕರು. ಆ ನಗು ಬಂಕಾಪುರದವರೆಗೂ ಬರಲಿಲ್ಲ.

ಶಿಗ್ಗಾಂವಿಯಲ್ಲಿ ಹೆದ್ದಾರಿ ಪಕ್ಕದ ಅಂಗಡಿ. ಲಾರಿಗಳ ಪಂಪು, ನೋಜಲ್ ರಿಪೇರಿ ಮಾಡುವ ಇರ್ಫಾನನಿಗೆ ತನ್ನ ಕೆಲಸದ ಬಗ್ಗೆ ಸಂಕೋಚವೇನೂ ಇರಲಿಲ್ಲ. "ಪುಣೆಯಿಂದ ಬೆಂಗಳೂರತನಕ ಕೇಳ್ರಿ, ನನ್ನಂಥಾ ಕೈ ಸಿಗಂಗಿಲ್ಲ," ಎಂದ. ಎಷ್ಟು ಜನರನ್ನು ಕೇಳಿ ಈ ನಿರ್ಣಯಕ್ಕೆ ಬಂದಿರಿ ಎಂದು ವಿಚಾರಿಸಿದೆ. "ನನ್ನೊಬ್ಬನ್ನ ಕೇಳೇನ್ರಿ, ಅಷ್ಟ ಸಾಕು," ಎಂದ.

ಆತ ಇಂಜೆಕ್ಟರನ್ನು ಕೈಪಂಪಿಗೆ ಸಿಕ್ಕಿಸಿ, ಕೈ ದೂರ ಇಡಲು ಹೇಳಿ, ಹಿಡಿಕೆ ಒತ್ತಿದ. ಮೊದಲನೆಯದೂ ನಾಲ್ಕನೆಯದೂ ಕಿರ್ರೆಂದು ಸದ್ದು ಮಾಡಿ ಸಣ್ಣ ಮಂಜು ಬಿಟ್ಟವು. ನಡುವಿನ ಎರಡು ಜೊಲ್ಲು ಸುರಿಸಿದವು. ಅವುಗಳ ತುದಿಯ ನೋಜಲ್ ಸವೆದಿತ್ತು, ಬದಲಿಸಲೇಬೇಕಿತ್ತು. ಆದರೆ ಇಷ್ಟು ಹಳೆಯ ಎಂಜಿನ್ನಿನ ನೋಜಲ್ ಆತನಲ್ಲಿರಲಿಲ್ಲ. ಹೊರಗಿನಿಂದ ತರಿಸಿದರೆ ಗುರುವಾರ ದಾಟುತ್ತದೆ. ಲಾರಿಯದನ್ನೇ ಹೊಂದಿಸಲು ಬರುವುದಿಲ್ಲವೇ ಎಂದು ದೊಡ್ಡಪ್ಪ ಕೇಳಿದರು.

"ಬರ್ತೈತ್ರಿ. ಹೊಗಿನೂ ಲಾರೀದ ಬರ್ತೈತಿ." ಇರ್ಫಾನ್ ಸ್ವಲ್ಪ ಯೋಚಿಸಿ ಸವಣೂರಿನ ಫಾತಿಮಾಬಿ ಎಂಬಾಕೆಯ ಹೆಸರು ಹೇಳಿದ. ತೀರಿಹೋದ ಅವಳ ಗಂಡ ಇಂಥದೇ ಕಾರನ್ನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದ, ಬಿಡಿಭಾಗ ಕೂಡಿಡುವ ಚಟದವನಾಗಿದ್ದ.

ಆ ರಾತ್ರಿ ಶಿಗ್ಗಾಂವಿಯ ಲಾಡ್ಜಿನಲ್ಲಿ ತಂಗಿ, ಬುಧವಾರ ಮೊದಲ ಬಸ್ಸಿಗೇ ಸವಣೂರು ಸೇರಿದೆವು. ಬಸ್ ನಿಲ್ದಾಣದ ಹತ್ತಿರ ಇಡ್ಲಿ ತಿಂದು, ಮನೆಗೆಂದು ಸವಣೂರ ಖಾರ ಕಟ್ಟಿಸಿಕೊಂಡು, ವೀಳ್ಯದೆಲೆ ಪೆಂಡಿಗಳ ನಡುವೆ ಮನೆ ಹುಡುಕಿದೆವು. ಫಾತಿಮಾಬಿ ಅಟ್ಟದಿಂದ ಬಿಸ್ಕಿಟಿನ ಡಬ್ಬಿ ಇಳಿಸಿದಳು. ಎಣ್ಣೆಕಾಗದದಲ್ಲಿ ಸುತ್ತಿದ ಹೊಸ ನೋಜಲ್ ಎರಡಿದ್ದವು. ಬೆಲೆಗೆ ಅವಳು ಚೌಕಾಸಿ ಮಾಡಲಿಲ್ಲ, ಒಂದು ಷರತ್ತು ಮಾತ್ರ ಹಾಕಿದಳು.

"ನಡೀಲಿಲ್ಲಂದ್ರ ತಂದು ಕೊಡ್ರಿ, ರೊಕ್ಕಾ ಒಯ್ರಿ. ಆದ್ರ ಫಾತಿಮಾಬಿ ಗಂಡನ ಮಾಲ್ ಖರಾಬ್ ಇತ್ತು ಅಂತ ಹಾದ್ಯಾಗ ಅನ್ಕೋತ ಹೋಗಬ್ಯಾಡ್ರಿ. ಆ ಮನಷಾ ನನ್ನ ಚಹಾದಾಗ ತಪ್ಪ ಹುಡುಕಿ ಹೆಸರ ಇಡ್ತಿದ್ದ, ಗಾಡಿ ಸಾಮಾನಿಗೆ ಯಾರೂ ಹೆಸರ ಇಟ್ಟಿಲ್ಲ."

ಮಧ್ಯಾಹ್ನ ಶಿಗ್ಗಾಂವಿಯಲ್ಲಿ ಇರ್ಫಾನ್ ನೋಜಲ್ ಜೋಡಿಸಿ ಒತ್ತಡ ಹೊಂದಿಸಿದ. ನಾಲ್ಕೂ ನನ್ನ ಕಣ್ಣೆದುರೇ ಮಂಜು ಬಿಟ್ಟವು. ಪ್ರತಿಯೊಂದನ್ನೂ ಎರಡೆರಡು ಸಲ ತೋರಿಸೆಂದೆ. ತೋರಿಸಿದ. ಬಾಯಿಗಳಿಗೆ ಕೆಂಪು ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ ಕೊಟ್ಟ.

ಹಾನಗಲ್ಲಿನ ಬಸ್ಸಿನಲ್ಲಿ ದೊಡ್ಡಪ್ಪ ಚೀಲ ಬಿಚ್ಚಿ ನೋಡಿದರು. ಟೊಪ್ಪಿಗೆಗಳು ಸಡಿಲವಿವೆ, ದೂಳು ಹೋಗುತ್ತದೆ ಎಂದು ಅವರಿಗನಿಸಿತು. ಅವರು ನಲವತ್ತು ವರ್ಷ ಹಿರೇಕೆರೂರಿನ ಅಡತಿ ಅಂಗಡಿಗಳಲ್ಲಿ ರೈತರು ತಂದ ಹತ್ತಿಯ ದರ್ಜೆ ನೋಡಿದವರು. ಕೆಲಸ ಬಿಟ್ಟ ಮೇಲೂ ಅಂಗಿಯ ಜೇಬಿನಲ್ಲಿ ಒಂದು ಹಿಡಿ ಬೀಜ ತೆಗೆದ ಅರಳೆ ಇಟ್ಟುಕೊಂಡು ಮಾತಾಡುತ್ತ ಅದರ ಎಳೆ ಬಿಡಿಸುವುದು ಅವರ ರೂಢಿ. ಟೊಪ್ಪಿಗೆ ತೆಗೆದು, ಕಿವಿಗೆ ಅತ್ತರಿನ ಹತ್ತಿ ಇಡುವ ಹಾಗೆ, ಡೀಸೆಲ್ ಒಳಗೆ ಹೋಗುವ ಒಂದೊಂದು ತೂತಿಗೂ ಹತ್ತಿಯ ಬತ್ತಿ ತುರುಕಿದರು.

"ಈಗ ಗಾಳಿ ಸುದ್ದಾ ಹೊಗಂಗಿಲ್ಲ," ಎಂದರು.

ನಾಲ್ಕು ಗಂಟೆಯ ಹೊತ್ತಿಗೆ ಚನ್ನಬಸು ಬತ್ತಿಗಳನ್ನು ಕಿತ್ತು ಇಂಜೆಕ್ಟರುಗಳನ್ನು ಕೂರಿಸಿದ. ಪೈಪಿನೊಳಗಿನ ಗಾಳಿ ತೆಗೆದು ಕೀಲಿ ತಿರುವಿದರೆ ಎಂಜಿನ್ ಕುಂಟುತ್ತ ಎದ್ದಿತು, ಮೊದಲಿಗಿಂತ ದಟ್ಟವಾಗಿ ಹೊಗೆ ಬಿಟ್ಟಿತು. ನಟ್ಟು ಸಡಿಲಿಸಿ ನೋಡಿದರೆ ಈ ಸಲ ಎರಡನೆಯ ಸಿಲಿಂಡರ್ ಸತ್ತಿತ್ತು. ದೊಡ್ಡಪ್ಪ ಮಡ್‌ಗಾರ್ಡಿನ ಮೇಲೆ ಕೈಯಿಟ್ಟು ನಿಂತರು.

"ಸವಣೂರ ನೋಜಲ್ಲ ದಗಾ ಮಾಡ್ತ್ರಿ," ಎಂದ ಚನ್ನಬಸು. "ಅಟ್ಟದ ಮ್ಯಾಲಿನ ಮಾಲು. ಆ ಹೆಣ್ಮಗಳು ಟೋಪಿ ಹಾಕ್ಯಾಳ ನಿಮಗ."

"ಅದು ಶಿಗ್ಗಾಂವದಾಗ ಎರಡು ಸಲ ಸರಿಯಾಗಿ ಸಿಂಪಡಿಸ್ತು. ನಾ ನೋಡೇನಿ," ಎಂದೆ. "ಮಧ್ಯಾಹ್ನ ಛಲೋ ಇದ್ದದ್ದು ನಾಕ ಗಂಟೇಕ್ಕ ಕೆಟ್ಟೈತಿ ಅಂದ್ರ, ನಡುವ ಏನಾತು ಅಂತ ಕೇಳಬೇಕು. ಸವಣೂರು ನಡುವ ಬರಂಗಿಲ್ಲ. ನಡುವ ಬರೋದು ಬಸ್ ಒಂದ."

"ಬಸ್ಸಿನ್ಯಾಗ ಏನಾಕ್ಕೈತ್ರಿ? ಪೇಟ್ಯಾಗ ಕೇಳ್ರಿ ಬೇಕಾರ, ಹಳೇ ಮಾಲಂದ್ರ ಹಿಂಗ."

ವಾದ ನಿಲ್ಲಿಸಿ ಬಿಚ್ಚಿ ನೋಡೋಣವೆಂದೆ. ಎರಡನೆಯ ಇಂಜೆಕ್ಟರನ್ನು ಹೊರತೆಗೆದು, ಪೈಪಿಗೆ ಸೇರಿಸಿ ಬಯಲಲ್ಲಿ ಹಿಡಿದು ಎಂಜಿನ್ ತಿರುಗಿಸಿದಾಗ ಅದು ಮಂಜಿನ ಬದಲು ಹನಿ ಬಿಟ್ಟಿತು. ಚನ್ನಬಸು ನೋಜಲ್ ಕಳಚಿ ಒಳಗಿನ ಸೂಜಿಯನ್ನು ಚಿಮಟದಲ್ಲಿ ಎತ್ತಿದ. ಸೂಜಿಯ ತುದಿಗೆ ಕೂದಲಿಗಿಂತ ತೆಳ್ಳಗಿನ ಎಳೆಯೊಂದು ಅಂಟಿತ್ತು. ಸೂಜಿ ತನ್ನ ಜಾಗದಲ್ಲಿ ಪೂರ್ತಿ ಕೂರದಿರಲು ಅಷ್ಟು ಸಾಕು.

"ನೋಡ್ರಿ! ಯಾವ್ದೋ ಹಳೇ ಸೀರಿ ಚಿಂದೀಲೆ ಒರಸ್ಯಾಳ ಆಕಿ," ಎಂದು ಚನ್ನಬಸು ಗೆದ್ದವನಂತೆ ನನ್ನ ಕಡೆ ನೋಡಿದ.

ದೊಡ್ಡಪ್ಪನ ಬತ್ತಿಯ ಮೇಲೆ ನನಗೆ ಅನುಮಾನವಿತ್ತು, ಪುರಾವೆ ಇರಲಿಲ್ಲ. ಹಳೆ ಸೀರೆಯ ಎಳೆಯೂ ಹತ್ತಿಯೇ. ದೊಡ್ಡಪ್ಪ ಸುಮ್ಮನಿದ್ದರೆ ತಪ್ಪು ಸವಣೂರಿನ ಲೆಕ್ಕಕ್ಕೆ ಹೋಗಿ ಮುಗಿಯುತ್ತಿತ್ತು.

ಅವರು ಚಿಮಟವನ್ನು ಇಸಿದುಕೊಂಡರು. ಎಳೆಯನ್ನು ಕರಿ ಬಾನೆಟ್ಟಿನ ಮೇಲೆ ಇಟ್ಟು, ಕನ್ನಡಕವನ್ನು ಹಣೆಗೇರಿಸಿ ಬಗ್ಗಿದರು. ಎರಡು ಹೆಬ್ಬೆರಳಿನ ಉಗುರುಗಳ ನಡುವೆ ಹಿಡಿದು ಮೆಲ್ಲಗೆ ಹೊಸೆದು ನೋಡಿದರು. ಅಡತಿಯಲ್ಲಿ ರೈತರು ಉಸಿರು ಬಿಗಿಹಿಡಿದು ಕಾಯುತ್ತಿದ್ದುದು ಈ ಭಂಗಿಯನ್ನೇ ಇರಬೇಕು.

"ಸೀರಿದಲ್ಲ," ಎಂದರು. "ಸೀರಿದಾದ್ರ ನೂಲಿನ ತಿರುವು ಇರ್ತಿತ್ತು, ಬಣ್ಣ ಇರ್ತಿತ್ತು. ಇದು ಇನ್ನೂ ನೂತಿಲ್ಲ. ಜಿನ್ನಿಂಗ್ ಮಿಲ್ಲಿನಿಂದ ಬಂದದ್ದು ಬಂದಂಗ ಐತಿ. ಅರಳಿ. ನನ್ನ ಕಿಸೇದಾಗಿಂದು."

ಚನ್ನಬಸು ಚಿಮಟ ವಾಪಸ್ ಇಸಿದುಕೊಂಡ. "ಛಲೋ ಅರಳಿ ಐತಿಲ್ರಿ ಗೌಡ್ರ?" ಎಂದ.

"ಒಂದನೇ ನಂಬರ. ಅದಕ್ಕ ಹಿಂಗ ಹಿಡದೈತಿ."

ನಾಲ್ಕನ್ನೂ ಬಿಚ್ಚಿ ಡೀಸೆಲ್ಲಿನಲ್ಲಿ ಅದ್ದಿ ತೊಳೆದೆವು. ಒರೆಸಲು ಬಟ್ಟೆ ಮುಟ್ಟಲಿಲ್ಲ, ಗಾಳಿ ಊದಿ ಆರಿಸಿದೆವು. ಕತ್ತಲಾಗುವ ಮೊದಲು ಎಂಜಿನ್ ನಾಲ್ಕು ಕಾಲಿನ ಮೇಲೆ ನಿಂತಿತು. ದೊಡ್ಡಪ್ಪ ನನ್ನ ಫೋನ್ ಇಸಿದುಕೊಂಡು ಇರ್ಫಾನನಿಗೆ, ಫಾತಿಮಾಬಿಯ ನೋಜಲ್ ಪಕ್ಕಾ ಇವೆ, ಆಕೆಗೆ ಹೇಳಿ ಕಳಿಸು ಎಂದರು. ಯಾಕೆ ಹೇಳಬೇಕೆಂದು ಆತ ಕೇಳಿರಬೇಕು. "ಹಂಗ ಹೇಳು," ಎಂದಷ್ಟೇ ಅಂದು ಫೋನ್ ಇಟ್ಟರು.

ಗುರುವಾರ ಬೆಳಿಗ್ಗೆ ಹಾವೇರಿಯ ತಪಾಸಣೆಯ ಅಂಗಳದಲ್ಲಿ ಒಂದಿಪ್ಪತ್ತು ಹಳೆಯ ಗಾಡಿಗಳು ಸಾಲುಗಟ್ಟಿದ್ದವು. ನಮ್ಮ ಸರದಿ ಬಂದಾಗ ತಪಾಸಣೆಯವರು ಹೊಗೆ ಕೊಳವೆಗೆ ನಳಿಕೆ ಸಿಕ್ಕಿಸಿ ಎಂಜಿನ್ ಏರಿಸಲು ಹೇಳಿದರು. ದೊಡ್ಡಪ್ಪ ಏರಿಸಿದರು. ಮತ್ತೊಮ್ಮೆ ಎಂದರು, ಮತ್ತೊಮ್ಮೆ ಏರಿಸಿದರು. ಯಂತ್ರ ತೋರಿಸಿದ ಅಂಕಿ ಮಿತಿಯೊಳಗಿತ್ತು, ಬಹಳ ಒಳಗೇನಲ್ಲ.

"ಆತ್ರಿ ಅಜ್ಜಾರ. ಐದು ವರ್ಷ ಚಿಂತಿಲ್ಲ."

"ಗಾಡೀದೊ, ನಂದೊ?"

"ಗಾಡೀದಷ್ಟ ನಮ್ಮ ಕಡೆ ಐತ್ರಿ."

ವಿಜಯಕ್ಕನಿಗೆ ಫೋನಿನಲ್ಲಿ ಹೇಳಿದೆ. "ಸಾವಕಾಶ ಹೊಡಿ ಅಂತ ಹೇಳು," ಎಂದಳು. ಅವಳು ಸೋಲೊಪ್ಪಿದ ರೀತಿ ನನಗೆ ಹಿಡಿಸಿತು.

ನಾನು ಅಲ್ಲಿಂದಲೇ ಹುಬ್ಬಳ್ಳಿಯ ಬಸ್ಸು ಹಿಡಿಯುವವಳಿದ್ದೆ. ಚೀಲ ಇಳಿಸಿಕೊಳ್ಳುತ್ತಿರುವಾಗ ಗೇಟಿನ ಬಳಿ ದೊಡ್ಡಪ್ಪನ ವಯಸ್ಸಿನವರೊಬ್ಬರು ಕೀಲಿಕೈಯನ್ನು ಬೆರಳಿನಲ್ಲಿ ತಿರುಗಿಸುತ್ತ ನಿಂತಿದ್ದರು. ಅವರ ಜೀಪು ಒಳಗೆ ಗೋಡೆಯ ಪಕ್ಕ ಉಳಿದಿತ್ತು. ಪರೀಕ್ಷೆಯಲ್ಲಿ ಅದು ಸೋತಿರಬೇಕು. ದೊಡ್ಡಪ್ಪ ಕಿಟಕಿಯಿಂದ ಕತ್ತು ಹೊರಹಾಕಿದರು.

"ಯಾವ ಕಡೆ ಹೋಗಬೇಕ್ರಿ?"

"ಹಂಸಭಾವಿರಿ. ಬಸ್ಸಿಗೆ ಹೋಗ್ತೇನಿ ಬಿಡ್ರಿ."

"ನನ್ನ ಹಾದ್ಯಾಗ ಐತಿ. ಕುಂತ್ರಿ."

ಅವರು ಹಿಂದಿನ ಬಾಗಿಲಿಗೆ ಕೈ ಹಾಕಿದರು. "ಮುಂದ ಬರ್ರಿ, ಹಿಂದ ಯಾಕ?" ಎಂದು ದೊಡ್ಡಪ್ಪ ನಾನು ಖಾಲಿ ಮಾಡಿದ ಸೀಟನ್ನು ಕೈಯಿಂದ ತಟ್ಟಿದರು.

ನಾನು ರಸ್ತೆ ದಾಟಿ ತಿರುಗಿ ನೋಡಿದೆ. ಅಂಬಾಸಿಡರ್ ಗೇಟಿನ ತುದಿಗೆ ಬಂದು ನಿಂತಿತ್ತು, ಸಾಲಾಗಿ ಲಾರಿಗಳು ಬರುತ್ತಿದ್ದವು. ರಸ್ತೆ ಖಾಲಿಯಾಯಿತೇ ಎಂದು ನೋಡಲು ಒಳಗಿದ್ದ ಇಬ್ಬರೂ, ಸ್ಟಿಯರಿಂಗ್ ಇಬ್ಬರ ಕೈಯಲ್ಲೂ ಇದ್ದಂತೆ, ಒಟ್ಟಿಗೇ ಬಲಕ್ಕೆ ಕತ್ತು ತಿರುಗಿಸಿದರು.