ನಾನು ಆರಿಸಿದ ಹುಳುಗಳು

ನಾನು ಚಿಕ್ಕವಳಿದ್ದಾಗ, ಶಿಡ್ಲಘಟ್ಟದ ಪಕ್ಕದ ನಮ್ಮ ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಮನೆಯ ದೊಡ್ಡ ಕೋಣೆಯನ್ನು ರೇಷ್ಮೆಹುಳುಗಳಿಗೆ ಬಿಟ್ಟುಕೊಟ್ಟು ನಾವು ನಡುಮನೆಯಲ್ಲಿ ಮಲಗುತ್ತಿದ್ದೆವು. ಕೋಣೆಯ ತುಂಬ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ತಿಂದು ತಿಂದು ಬೆಳೆದ ಹುಳು ಒಂದು ದಿನ ಸೊಪ್ಪು ಬಿಟ್ಟು, ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತದೆ. ಅದನ್ನು ಹಣ್ಣಾದ ಹುಳು ಎನ್ನುತ್ತಿದ್ದೆವು. ಅಂಥವನ್ನು ಆರಿಸಿ ಚಂದ್ರಿಕೆಯ ಮೇಲೆ, ಅಂದರೆ ಬಿದಿರಿನ ಸುರುಳಿಗಳಿರುವ ಚಾಪೆಯ ಮೇಲೆ ಬಿಡಬೇಕು. ನಮ್ಮ ಮನೆಯಲ್ಲಿ ಆ ಕೆಲಸ ಅಕ್ಕನದು. ಅವಳ ಕಣ್ಣು ತಪ್ಪುವುದಿಲ್ಲ ಎಂದು ಅಪ್ಪ ನೆಂಟರ ಮುಂದೆಲ್ಲ ಹೇಳುತ್ತಿದ್ದರು. ಅದನ್ನು ಕೇಳಿದಾಗಲೆಲ್ಲ ನನಗೂ ಆ ಕೆಲಸ ಬೇಕೆನಿಸುತ್ತಿತ್ತು.

ಆಗ ನನಗೆ ಎಂಟು ವರ್ಷ. ಅಪ್ಪ ತೋಟಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ಅಕ್ಕನನ್ನು ಕಾಡಿ ಒಂದು ಚಂದ್ರಿಕೆ ಪಡೆದೆ. ಅಕ್ಕ ಒಂದು ಹುಳುವನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದಳು. ಅದರ ಮೈ ಜೇನಿನ ಹಾಗೆ ತಿಳಿಯಾಗಿತ್ತು.

"ಬರೀ ಹಳದಿ ನೋಡಿ ಎತ್ತಬೇಡ ಕಣೇ. ರೋಗ ಬಂದಿರೋದೂ ಹಳದೀನೇ ಇರ್ತದೆ. ಬೆಳಕಿಗೆ ಹಿಡಿ, ಒಳಗೆ ತಿಳಿಯಾಗಿ ಕಾಣ್ತದಾ ನೋಡು."

"ಗೊತ್ತು ಬಿಡಕ್ಕಾ, ನಾನೇನು ಕುರುಡೀನಾ?"

ನಾಲ್ಕೈದು ಹುಳುಗಳನ್ನು ಬೆಳಕಿಗೆ ಹಿಡಿದೆ. ಆಮೇಲೆ ಅಕ್ಕನಿಗಿಂತ ಮೊದಲು ಮುಗಿಸುವ ಆಸೆ. ಹಳದಿ ಕಂಡದ್ದನ್ನೆಲ್ಲ ಎತ್ತಿ ಚಂದ್ರಿಕೆಯ ಮೇಲೆ ಬಿಟ್ಟೆ. ಕೆಲವು ಊದಿಕೊಂಡಿದ್ದವು, ಮುಟ್ಟಿದರೆ ತೀರಾ ಮೆತ್ತಗಿದ್ದವು. ದಪ್ಪ ಹುಳು ದಪ್ಪ ಗೂಡು ಕಟ್ಟುತ್ತದೆ ಎಂದುಕೊಂಡೆ.

ಮಾರನೆಯ ದಿನ ಆ ಊದಿದ ಹುಳುಗಳು ಒಡೆದು, ಹಾಲಿನಂಥ ರಸ ಸೋರಿ, ಪಕ್ಕದ ಒಳ್ಳೆಯ ಗೂಡುಗಳಿಗೂ ಕಲೆ ಹತ್ತಿತ್ತು. ಕೋಣೆ ನಾರುತ್ತಿತ್ತು. ಅಪ್ಪ ಅಕ್ಕನ ಕಡೆ ತಿರುಗಿದರು.

"ಏನಮ್ಮಾ, ಕಣ್ಣು ಎಲ್ಲಿಟ್ಟಿದ್ದೆ? ಮುಂದಿನ ಬೆಳೆಗೆ ನೀನು ಮುಟ್ಟಬೇಡ. ನಾನೇ ಆರಿಸ್ತೀನಿ."

ಅಕ್ಕ ನನ್ನನ್ನು ನೋಡಿದಳು. ನಾನೇ ಹೇಳಲಿ ಎಂದು ಕಾದಳು. ನಾನು ಕೈಗಳನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು ನೆಲ ನೋಡುತ್ತಾ ನಿಂತೆ.

"ಹೂಂ ಅಪ್ಪ" ಎಂದಳು ಅಕ್ಕ.

ಮುಂದಿನ ಬೆಳೆಯಲ್ಲಿ, ಅಂದರೆ ಹೊಸ ಹುಳುಗಳು ಹಣ್ಣಾದಾಗ, ಅಪ್ಪ ಹುಳು ಆರಿಸುವುದನ್ನು ಅವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಮಕ್ಕಳೇ, ಗೊತ್ತಿಲ್ಲದ ಹೂವಿನ ಮುಂದೆ ನೀವು ಫೋನು ಹಿಡಿದರೆ ಅದು ಹೆಸರು ಹೇಳುತ್ತದೆ. ಒಮ್ಮೊಮ್ಮೆ ತಪ್ಪು ಹೆಸರು ಹೇಳುತ್ತದೆ. ನೀವು ನಕ್ಕು ಇನ್ನೊಮ್ಮೆ ಹಿಡಿಯುತ್ತೀರಿ. ನಮ್ಮ ಮನೆಯಲ್ಲಿ ಗುರುತು ತಪ್ಪಿದರೆ ಯಾರಾದರೂ ಬೈಸಿಕೊಳ್ಳಬೇಕಿತ್ತು. ನನ್ನ ತಪ್ಪಿಗೆ ಬೈಸಿಕೊಂಡವಳು ಅಕ್ಕ. ಇದನ್ನು ನಾನು ಬಾಯಿಬಿಟ್ಟು ಹೇಳುತ್ತಿರುವುದು ಇದೇ ಮೊದಲು. ಅದೂ ಅಪ್ಪನಿಗಲ್ಲ, ನಿಮಗೆ.