ತಿಂಗಳ ನಡುವಿನ ವಿಶ್ರಾಂತಿ

ಶಾಲೆಯಲ್ಲಿ ಅವರಿಗೆ ಸೀಟಿ ಮೇಷ್ಟ್ರು ಎಂದೇ ಹೆಸರು. ಪಿ.ಟಿ. ಮೇಷ್ಟ್ರ ಕೊರಳಲ್ಲಿ ಸೀಟಿ ಇರುವುದೇನೂ ಹೊಸದಲ್ಲ. ಇವರು ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದನ್ನು ತೆಗೆಯುತ್ತಿರಲಿಲ್ಲ. ತಟ್ಟೆಗೆ ತಾಗದಂತೆ ಬೆನ್ನ ಹಿಂದಕ್ಕೆ ಎಸೆದುಕೊಳ್ಳುತ್ತಿದ್ದರು.

ವರ್ಷಕ್ಕೊಮ್ಮೆ ಅವರ ಮೇಲೊಂದು ವಿಶೇಷ ಕೆಲಸ ಬೀಳುತ್ತಿತ್ತು. ಆಸ್ಪತ್ರೆಯ ನರ್ಸಮ್ಮ ಬಂದು ಒಂಬತ್ತನೇ ತರಗತಿಯ ಹುಡುಗಿಯರನ್ನು ಸಭಾಂಗಣದಲ್ಲಿ ಕೂರಿಸಿಕೊಂಡು ಬಾಗಿಲು ಹಾಕಿಕೊಳ್ಳುವ ದಿನ ಅದು. "ಹುಡುಗರು ಮೈದಾನದಲ್ಲಿರ್ಬೇಕು, ಅವರ ಕಿವಿಗಳೂ ಅಲ್ಲೇ ಇರ್ಬೇಕು" ಎಂದು ಹೆಡ್‌ಮೇಡಂ ಅಪ್ಪಣೆ. ಮೇಷ್ಟ್ರು ಸೀಟಿ ಊದಿ ಹುಡುಗರನ್ನು ಬೆವರಿಳಿಯುವಂತೆ ಓಡಿಸುತ್ತಿದ್ದರು. ತಾವು ಓದುವಾಗ ಅವರೂ ಹೀಗೇ ಓಡಿದವರು. ವಿಜ್ಞಾನದ ಆ ಒಂದು ಪಾಠವನ್ನು ಅವರ ಮೇಷ್ಟ್ರು "ಮನೇಲಿ ಓದ್ಕೊಳ್ಳಿ" ಎಂದು ದಾಟಿಸಿದ್ದರು. ಅಪ್ಪ ಎದುರಿಗೇ ಕೂತಿರುವ ಮನೆಯಲ್ಲಿ ಆ ಪುಟ ತೆರೆಯುವ ಧೈರ್ಯ ಯಾರಿಗಿತ್ತು?

ಮದುವೆಯಾಗಿ ನಾಲ್ಕು ವರ್ಷ ಕಳೆದರೂ ಮಕ್ಕಳಾಗಲಿಲ್ಲ. "ಊರ ಮಕ್ಕಳನ್ನೆಲ್ಲ ಓಡಿಸ್ತಾನೆ ನನ್ನ ಮಗ. ಮನೇಲಿ ಅಂಬೆಗಾಲಿಡೋದು ಒಂದೂ ಕಾಣೆ" ಎಂದು ಮೇಷ್ಟ್ರ ತಾಯಿ ಸೊಸೆಗೆ ಕೇಳುವಂತೆ ಗೋಡೆಗೆ ಹೇಳುತ್ತಿದ್ದರು. ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಜನರ ಮಾತು ಕೇಳಿ ಬರುವ ಸೊಸೆ ಇದನ್ನೂ ಕೇಳಿ ಸುಮ್ಮನಾಗುತ್ತಿದ್ದಳು. ಕೊನೆಗೆ ಒಂದು ದಿನ ಅವಳೇ ಗಂಡನನ್ನು ಆಸ್ಪತ್ರೆಗೆ ಹೊರಡಿಸಿದಳು.

ಪರೀಕ್ಷೆಗಳಲ್ಲಿ ಇಬ್ಬರಿಗೂ ಏನೂ ದೋಷ ಕಾಣಲಿಲ್ಲ. "ತಿಂಗಳಲ್ಲಿ ಯಾವಾಗ ಯಾವಾಗ ಜೊತೆಗಿರ್ತೀರಿ?" ಎಂದು ಡಾಕ್ಟರಮ್ಮ ಕೇಳಿದರು.

ಮೇಷ್ಟ್ರಿಗೆ ಸಂಕೋಚವಾದರೂ ತಮ್ಮ ಕ್ರಮದ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು. "ಮುಟ್ಟು ಮುಗಿದ ತಕ್ಷಣ ಒಂದಿಷ್ಟು ದಿನ ಮೇಡಂ. ನಡುವೆ ಪೂರ್ತಿ ರೆಸ್ಟು. ಕೊನೇ ವಾರ ಮತ್ತೆ. ಪಂದ್ಯಕ್ಕೆ ಮುಂಚೆ ಆಟಗಾರರಿಗೂ ಹಾಗೇ ಅಲ್ವಾ? ಶಕ್ತಿ ಉಳಿಸ್ಬೇಕು."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಸಾರ್, ಅಂಡ ಬಿಡುಗಡೆ ಆಗೋದು ಹೆಚ್ಚುಕಡಿಮೆ ನಡುವಿನ ಆ ದಿನಗಳಲ್ಲೇ. ನೀವು ರೆಸ್ಟು ತಗೊಂಡಾಗಲೇ ಪಂದ್ಯ ಮುಗಿದು ಹೋಗಿರುತ್ತೆ."

ಹೊರಗಿನ ಮೊಗಸಾಲೆಯಲ್ಲಿ ಗಂಡ ಹೆಂಡತಿ ನಿಂತುಬಿಟ್ಟರು.

"ನೀವು ಮೇಷ್ಟ್ರಲ್ವಾ, ತಿಳಿದೇ ಇರುತ್ತೆ ಅಂತ ನಾನು ಸುಮ್ನಿದ್ದೆ."

"ನೀನು ಹುಡುಗಿಯರ ಆ ಬಾಗಿಲು ಹಾಕಿದ ಕ್ಲಾಸಲ್ಲಿ ಕೂತೋಳು. ತಪ್ಪಿದ್ರೆ ಹೇಳ್ತೀಯ ಅಂತ ನಾನು…"

ಹೆಂಡತಿಗೆ ನಗು ಉಕ್ಕಿತು. ನಗುತ್ತಿದ್ದಂತೆಯೇ ಕಣ್ಣು ತುಂಬಿತು. "ಆ ಕ್ಲಾಸಲ್ಲಿ ಇದ್ಯಾವುದೂ ಹೇಳ್ಲಿಲ್ಲ ರೀ."

ಮೇಷ್ಟ್ರು ನಂಬಲಿಲ್ಲ. ಬಾಗಿಲು ಹಾಕಿಕೊಂಡು ಇಡೀ ಪೀರಿಯಡ್ಡು ಮತ್ತೇನು ಮಾತಾಡುತ್ತಾರೆ?

ಮರುವಾರವೇ ನರ್ಸಮ್ಮ ಬಂದರು. ಮೇಷ್ಟ್ರು ಹುಡುಗರ ಕೈಗೆ ಚೆಂಡು ಕೊಟ್ಟು, ಸಭಾಂಗಣದ ಕಿಟಕಿಯ ಕೆಳಗೆ ಗೋಡೆಗೊರಗಿ ನಿಂತರು. ಶುಚಿಯಾಗಿರಿ, ಪ್ಯಾಡನ್ನು ಕಾಗದದಲ್ಲಿ ಸುತ್ತಿ ಹಾಕಿ, ಹುಡುಗರ ಜೊತೆ ಹುಷಾರು. ಅಷ್ಟಕ್ಕೆ ಮಾತು ಮುಗಿಯುವಂತಿತ್ತು.

"ಯಾಕೆ ಹುಷಾರು ಮಿಸ್? ಏನಾಗುತ್ತೆ?" ಹುಡುಗಿಯೊಬ್ಬಳ ದನಿ. ಸಭಾಂಗಣವೆಲ್ಲ ಕಿಸಕ್ಕನೆ ನಕ್ಕಿತು.

"ಅದೆಲ್ಲ ಮದುವೆ ಆದ್ಮೇಲೆ ತಾನಾಗೇ ಗೊತ್ತಾಗುತ್ತೆ. ಕೂತ್ಕೋ."

ಫೌಲ್ ಕಂಡರೆ ಕೈ ತಾನಾಗಿ ಸೀಟಿಗೆ ಹೋಗುವುದು ಮೇಷ್ಟ್ರ ಅಭ್ಯಾಸ. ಈಗಲೂ ಸೀಟಿ ತುಟಿಗೆ ಬಂತು. ಆದರೆ ಫೌಲು ಯಾರದು? ನರ್ಸಮ್ಮನದೋ, ಹೆಡ್‌ಮೇಡಂದೋ, "ಮನೇಲಿ ಓದ್ಕೊಳ್ಳಿ" ಎಂದವರದೋ, ಇಷ್ಟು ವರ್ಷ ಹುಡುಗರನ್ನು ಓಡಿಸಿದ ತಮ್ಮದೋ? ತಲೆಬುಡ ತಿಳಿಯದೆ, ಊದದೆಯೇ ಸೀಟಿ ಕೆಳಗಿಳಿಸಿದರು.

ಸಂಜೆ ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು.

"ನೀನಂದಿದ್ದು ನಿಜ ಕಣೆ. ಒಳಗೂ ಏನಿಲ್ಲ."

"ಹಾಗಾದ್ರೆ ಹುಡುಗರನ್ನ ಯಾಕೆ ಓಡಿಸ್ತಿದ್ರಿ?"

"ಅದೇ ಗೊತ್ತಾಗ್ತಿಲ್ಲ."

ಅವಳು ಒಂದು ಅಂಗಿ ಮಡಚಿಟ್ಟಳು. ತಲೆಯೆತ್ತದೆ ಕೇಳಿದಳು: "ತಿಂಗಳ ನಡುವಿಗೆ ಬಂದಿದ್ದೀವಿ. ಇವತ್ತೂ ರೆಸ್ಟಾ, ಮೇಷ್ಟ್ರೇ?"

ಮೇಷ್ಟ್ರು ಸೀಟಿಯನ್ನು ಕೊರಳಿಂದ ತೆಗೆದರು. ಮನೆಯಲ್ಲಿ ಅದಕ್ಕೊಂದು ಜಾಗವೆಂಬುದೇ ಇರಲಿಲ್ಲ. ಎಲ್ಲಿಡುವುದೆಂದು ತೋಚದೆ ಕೈಯಲ್ಲೇ ಹಿಡಿದು ನಿಂತರು. ಕೊನೆಗೆ ಅವಳೇ ಕೈಚಾಚಿ ಇಸಿದುಕೊಂಡಳು.