ಎರಡಿಂಚು ಮಾಸ್ಟರರ ದಂಡಯಾತ್ರೆ

ಪೇಟೆಯ ಟೈಲರುಗಳೆಲ್ಲ ಹೊಲಿಗೆಗೆಂದು ಒಂದಿಂಚು ಬಟ್ಟೆ ಹೆಚ್ಚು ಬಿಟ್ಟು ಕತ್ತರಿಸಿದರೆ, ನಮ್ಮ ಮಾಸ್ಟರು ಎರಡಿಂಚು ಬಿಡುತ್ತಿದ್ದರು. ಗಿರಾಕಿ ನಾಳೆ ದಪ್ಪಗಾಗಬಹುದು, ಬಟ್ಟೆ ಒಗೆದಾಗ ಕುಗ್ಗಬಹುದು, ಪ್ರಪಂಚದಲ್ಲಿ ಏನು ಬೇಕಾದರೂ ಆಗಬಹುದು. ಹೀಗಾಗಿ ಜನ ಅವರನ್ನು ಎರಡಿಂಚು ಮಾಸ್ಟರು ಎಂದೇ ಕರೆದರು. ಮೂವತ್ತು ವರ್ಷದಲ್ಲಿ ಅವರು ಹೊಲಿದ ಒಂದು ಅಂಗಿಯೂ ಮೈಗೆ ಬಿಗಿಯಾಗಿರಲಿಲ್ಲ. ಅವರಿಗೆ ಒಂದು ಬಸ್ಸೂ ತಪ್ಪಿರಲಿಲ್ಲ.

ಅಂಗಡಿಯ ಕಿಟಕಿಯಾಚೆ ಸಮುದ್ರ, ಸಮುದ್ರದಲ್ಲೊಂದು ದ್ವೀಪ, ದ್ವೀಪದ ಮೇಲೊಂದು ಪುಟ್ಟ ಶಿಖರ. ಮಧ್ಯಾಹ್ನ ಇಸ್ತ್ರಿಪೆಟ್ಟಿಗೆಯ ಹಬೆ ಗಾಜಿಗೆ ಕೂತಾಗ ಆ ಶಿಖರ ನೀರನ್ನೂ ನೆಲವನ್ನೂ ಬಿಟ್ಟು ಗಾಳಿಯಲ್ಲಿ ತೇಲುತ್ತಿತ್ತು. ಕಾಜಾ ಹಾಕುತ್ತಿದ್ದ ಹೆಂಡತಿ ಸೂಜಿ ನಿಲ್ಲಿಸಿ ಅದನ್ನೇ ನೋಡುತ್ತಿದ್ದರು. ಹನ್ನೆರಡನೇ ವಯಸ್ಸಿನಲ್ಲಿ ಶಾಲೆಯವರು ಆಕೆಯನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಅರ್ಧದಾರಿಯಲ್ಲಿ ಮಳೆ ಬಂತೆಂದು ಇಳಿಸಿಕೊಂಡು ಬಂದಿದ್ದರು. ಉಳಿದರ್ಧ ತಾನು ಹತ್ತಿಸುತ್ತೇನೆಂದು ಮದುವೆಯಾದ ವಾರದಲ್ಲೇ ಮಾಸ್ಟರು ಮಾತು ಕೊಟ್ಟಿದ್ದರು. ಮಾತು ಇನ್ನೂ ಹಾಗೇ ಇತ್ತು, ಆಕೆಯ ಮಂಡಿ ಮಾತ್ರ ಸವೆದಿತ್ತು. ಮುಂದಿನ ತಿಂಗಳು ಆಪರೇಷನ್. "ಹತ್ತೋದಿದ್ರೆ ಈಗಲೇ ನಿಧಾನಕ್ಕೆ ಹತ್ತಿ ಬನ್ನಿ, ಆಮೇಲೆ ಬೆಟ್ಟ ಗಿಟ್ಟ ಅನ್ನಬೇಡಿ" ಎಂದಿದ್ದರು ಡಾಕ್ಟರು.

ಮಾಸ್ಟರು ಅಂಗಡಿಯ ಬಾಗಿಲು ಅರ್ಧ ಎಳೆದು ಯುದ್ಧಸಭೆ ಕರೆದರು. ಸಭೆಗೆ ಬಂದವರು ಇಬ್ಬರೇ: ಹೆಂಡತಿ, ಮತ್ತು ದ್ವೀಪದ ದೋಣಿಯಲ್ಲಿ ಹಗ್ಗ ಕಟ್ಟುವ ಕೆಲಸದಲ್ಲಿದ್ದ ಆಕೆಯ ತಮ್ಮ. ಕಟಿಂಗ್ ಮೇಜಿನ ಮೇಲೆ ಕಂದು ಕಾಗದ ಹರಡಿತು. ಅದರ ಮೇಲೆ ಗುರುತುಸುಣ್ಣದಿಂದ ದ್ವೀಪವೊಂದು ಮೂಡಿತು. ನೋಡಿದರೆ ತೋಳಿಲ್ಲದ ಕೋಟಿನ ಹಾಗಿತ್ತು.

"ಎಂಟೂವರೆಗೆ ಇಳಿಸ್ತೀವಿ ಭಾವ, ವಾಪಸ್ ದೋಣಿ ಮೂರೂವರೆಗೆ. ಅದೇ ಕೊನೇದು" ಎಂದ ತಮ್ಮ. "ನಿಮಗೋಸ್ಕರ ಎರಡು ನಿಮಿಷಾನೂ ನಿಲ್ಲಿಸಲ್ಲ, ಈಗಲೇ ಹೇಳಿಬಿಡ್ತೀನಿ."

ಮಾಸ್ಟರು ಲೆಕ್ಕಕ್ಕಿಳಿದರು. ಹತ್ತೋಕೆ ಎರಡು ಗಂಟೆ, ಮಂಡಿಗೆ ಒಂದು, ಏನಾದರೂ ಆದರೆ ಇರಲಿ ಅಂತ ಅರ್ಧ. ಇಳಿಯೋಕೆ ಎರಡೂವರೆ, ಕಾಲು ಜಾರಿದರೆ ಇರಲಿ ಅಂತ ಅರ್ಧ. ದೋಣಿಗೆ ಒಂದು ಗಂಟೆ ಮುಂಚೆ ಬಂದು ಕೂತಿರಬೇಕು.

ಹೆಂಡತಿ ಕನ್ನಡಕ ಏರಿಸಿ ಕಾಗದ ಓದಿದರು. "ರೀ, ಹನ್ನೆರಡು ಗಂಟೆಗೆ ನಾವು ಮೇಲೆ ಮುಟ್ತೀವಿ. ಹನ್ನೊಂದೂವರೆಗೆ ಅಲ್ಲಿಂದ ವಾಪಸ್ ಹೊರಡ್ತೀವಿ."

"ಸರಿಯಾಗಿ ನೋಡು."

"ಸರಿಯಾಗೇ ನೋಡಿದೆ. ಮುಟ್ಟೋಕೆ ಅರ್ಧ ಗಂಟೆ ಮುಂಚೇನೇ ಇಳೀತಿದ್ದೀವಿ. ನಮ್ಮ ಮೇಷ್ಟ್ರೇ ವಾಸಿ, ಮಳೆ ಬರೋ ತನಕನಾದ್ರೂ ಕಾದ್ರು."

ತಮ್ಮ ನಗು ತಡೆಯಲಾಗದೆ ಗುಂಡಿಯ ಡಬ್ಬಿಯಲ್ಲಿ ಏನೋ ಹುಡುಕತೊಡಗಿದ. ಬಹಳ ಚೌಕಾಸಿಯ ನಂತರ ಸಂಧಿಯಾಯಿತು: ದೋಣಿಗೆ ಕಾಯುವ ಆ ಒಂದು ಗಂಟೆಯನ್ನು ಕಿತ್ತುಹಾಕುವುದು, ಆದರೆ ಹನ್ನೆರಡೂವರೆಗೆ ಎಲ್ಲಿದ್ದರೂ ಸರಿ, ತುಟಿಪಿಟಿಕ್ಕೆನ್ನದೆ ತಿರುಗುವುದು.

ಭಾನುವಾರ ದೋಣಿ ಮಂಜಿನೊಳಗೆ ಹೊರಟಿತು. ಮಾಸ್ಟರರ ಚೀಲದಲ್ಲಿ ಎರಡು ಕೊಡೆ, ಎರಡು ಟಾರ್ಚು, ನಾಲ್ಕು ಜೊತೆ ಕಾಲುಚೀಲ. ಇಳಿದ ಕೂಡಲೆ ಅವರು ಚೀಲದ ಪಟ್ಟಿ ಬಿಗಿಯುತ್ತ ನಿಂತರು. ಹೆಂಡತಿ ಚಹಾ ಅಂಗಡಿಯಾಕೆಯ ಜೊತೆ ಏನೋ ಮಾತಾಡಿ ಬಂದರು.

ದಾರಿ ಹುಲ್ಲಿನ ನಡುವೆ ಸುತ್ತಿ ಸುತ್ತಿ ಏರುತ್ತಿತ್ತು. ಆಕೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ನಿಂತಾಗಲೆಲ್ಲ ಸಮುದ್ರ ಸ್ವಲ್ಪ ಅಗಲವಾಗುತ್ತಿತ್ತು. ಮೋಡದ ನೆರಳು ಅವರಿಬ್ಬರ ಮೇಲೆ ಹಾದು ಸದ್ದಿಲ್ಲದೆ ನೀರಿಗಿಳಿಯಿತು. ಶಿಖರಕ್ಕೆ ಇನ್ನೂ ಒಂದು ಗಂಟೆಯ ದಾರಿ ಇದ್ದಾಗ ಆಕೆ ಬಂಡೆಗೆ ಕೈಯೂರಿ, ತಿರುಗಿ ನೋಡದೆ ಕೇಳಿದರು: "ಗಂಟೆ ಎಷ್ಟಾಯ್ತು?"

ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ಮಾಸ್ಟರು ಆ ಬೆನ್ನನ್ನು ನೋಡಿದರು, ಬೆವರಿಗಂಟಿದ ರವಿಕೆಯನ್ನು ನೋಡಿದರು.

"ಹನ್ನೊಂದೂವರೆ" ಎಂದರು. ಎಂದೂ ಅಳತೆ ತಪ್ಪದ ಆ ಬಾಯಿ ಒಂದೇ ಏಟಿಗೆ ಇಡೀ ಗಂಟೆಯನ್ನು ನುಂಗಿ, ಏನೂ ಆಗದಂತೆ ಮುಚ್ಚಿಕೊಂಡಿತು.

ಮೇಲೆ ಗಾಳಿಯಿತ್ತು, ಒಂದು ಚಪ್ಪಟೆ ಕಲ್ಲಿತ್ತು. ಆಕೆ ಬಹಳ ಹೊತ್ತು ನಿಂತು ನಾಲ್ಕು ದಿಕ್ಕೂ ನೋಡಿದರು. ಆಮೇಲೆ ಗಂಡನ ತೊಡೆಯ ಮೇಲೆ ತಲೆಯಿಟ್ಟು ಹಾಗೇ ನಿದ್ದೆಹೋದರು. ಮಾಸ್ಟರು ಎಬ್ಬಿಸಲಿಲ್ಲ. ಕಾಲು ಜೋಮು ಹಿಡಿಯಿತು, ಅಲ್ಲಾಡಲಿಲ್ಲ. ಕೆಳಗೆ ಊರು, ಪೇಟೆ, ಅಂಗಡಿ ಎಲ್ಲ ಸೇರಿ ಒಂದು ಗುಂಡಿಯಷ್ಟಾಗಿತ್ತು. ಅದು ತಮ್ಮದೋ ಬೇರೆ ಯಾರದೋ ಎಂಬುದೂ ಮರೆತುಹೋಗುವಂತಿತ್ತು.

ಭೋಂ ಎಂಬ ಸದ್ದಿಗೆ ಆಕೆ ಕಣ್ಣು ತೆರೆದರು. ದೋಣಿಯೊಂದು ದ್ವೀಪದಿಂದ ದೂರ ಸಾಗುತ್ತಿತ್ತು.

"ಅದು ನಮ್ಮ ದೋಣಿ ಅಲ್ವಾ?"

"ನಮ್ಮದರ ಹಾಗೇ ಇದೆ" ಎಂದರು ಮಾಸ್ಟರು, ಕಳ್ಳನ ದನಿಯಲ್ಲಿ.

ಆಕೆ ಎದ್ದು ಕೂತು ಸೆರಗು ಸರಿಮಾಡಿಕೊಂಡರು. "ಏಳಿ, ಬೆಳಕಿರೋವಾಗಲೇ ಇಳಿಯೋಣ. ಚಹಾ ಅಂಗಡಿಯವಳು ಹಿಂದಿನ ಕೋಣೆಯಲ್ಲಿ ಇಬ್ಬರಿಗೆ ಹಾಸಿರ್ತಾಳೆ. ಹತ್ತೋಕೆ ಮುಂಚೇನೇ ಹೇಳಿಟ್ಟಿದ್ದೆ."

ಮಾಸ್ಟರು ಒಮ್ಮೆ ಗಡಿಯಾರವನ್ನೂ ಒಮ್ಮೆ ಹೆಂಡತಿಯನ್ನೂ ನೋಡಿದರು.

"ಹಾಗಾದ್ರೆ ನೀನು ಹನ್ನೆರಡೂವರೆಗೆ..."

"ಎಷ್ಟು ಗಂಟೆ ಆಗಿದ್ರೂ ನಾನು ತಿರುಗ್ತಿರಲಿಲ್ಲ ಕಣ್ರೀ" ಎಂದು ಆಕೆ ಅವರ ಭುಜ ಹಿಡಿದು ಮೇಲೆದ್ದರು. "ನೀವು ಬರ್ತೀರೋ ಇಲ್ವೋ ಅನ್ನೋದೊಂದೇ ನನಗೆ ಗೊತ್ತಿರಲಿಲ್ಲ."